ಇತಿಹಾಸದ ಸರ್, ಕನ್ನಡದ ಟೀಚರ್: ಇವರ ತರಬೇತಿಯ ಖರ್ಚು ಯಾರದು?

ಗೋರೆಗಾಂವ್ ಪೂರ್ವ, ಪಶ್ಚಿಮದ ಕನ್ನಡಿಗರೇ. ಜೋಗೇಶ್ವರಿ, ಮಲಾಡ್, ದಿಂಡೋಶಿಯ ಅಕ್ಕ ಅಣ್ಣಂದಿರೇ,

ಇದು ಸಾಲ ಕೊಡುವವರ ಚೀಟಿಯಲ್ಲ, ಟ್ಯೂಷನ್ ಕ್ಲಾಸಿನ ಜಾಹೀರಾತೂ ಅಲ್ಲ. ಓಟು ಕೇಳುವವರು ಯಾರೂ ಇದರ ಹಿಂದಿಲ್ಲ. ಶಾಲೆಯಲ್ಲಿ ಇತಿಹಾಸ, ಭೂಗೋಳ, ನಾಗರಿಕ ಶಾಸ್ತ್ರ, ಕನ್ನಡ, ಮರಾಠಿ ಕಲಿಸುವವರ ಪರವಾಗಿ ನಾಲ್ಕು ಮಾತು ಹೇಳಿ, ಕೊನೆಗೆ ನಿಮ್ಮಿಂದ ಒಂದು ಸಹಿ ಕೇಳುವುದಕ್ಕಾಗಿ ಅಚ್ಚು ಹಾಕಿಸಿದ ಕಾಗದ. ಚರ್ಚ್‌ಗೇಟ್ ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕರೆ ಅಲ್ಲೇ ಓದಿ. ಸಿಗುವುದಿಲ್ಲ ಎಂಬುದು ನಮಗೂ ಗೊತ್ತು, ಹಾಗಾಗಿ ರಾತ್ರಿ ಊಟವಾದ ಮೇಲಾದರೂ ಓದಿ.

ಪುಸ್ತಕ ನಮ್ಮ ಗೋರೆಗಾಂವಿನಿಂದಲೇ ಹೊರಡುತ್ತದೆ

ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಅಂದರೆ ನಾವೆಲ್ಲ ಕರೆಯುವ ಬಾಲಭಾರತಿ, 1967ರಲ್ಲಿ ಹುಟ್ಟಿತು. ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗು ಮತ್ತು ಕನ್ನಡ, ಹೀಗೆ ಎಂಟು ಭಾಷೆಗಳಲ್ಲಿ ಅದು ಪುಸ್ತಕ ಮಾಡುತ್ತದೆ. ಪುಣೆ, ಕೊಲ್ಹಾಪುರ, ನಾಶಿಕ, ನಾಗಪುರಗಳಲ್ಲಿರುವ ಅದರ ವಿಭಾಗೀಯ ಭಂಡಾರಗಳ ಪಟ್ಟಿಯಲ್ಲಿ ಮುಂಬೈಯ ಪಾಲಿಗೆ ಬರೆದಿರುವುದು ನಮ್ಮ ಗೋರೆಗಾಂವಿನ ಹೆಸರು. ಅಂದರೆ ಈ ಮಹಾನಗರದ ಮಕ್ಕಳ ಕೈಗೆ ಹೋಗುವ ಪುಸ್ತಕದ ಗಂಟು ಬಿಚ್ಚುವುದು ಇಲ್ಲಿಯೇ, ಫಿಲ್ಮ್ ಸಿಟಿಗೆ ಹೋಗುವ ದಾರಿಯಲ್ಲಿ.

ಪುಸ್ತಕದ ಬಗ್ಗೆ ನಮ್ಮ ತಕರಾರಿಲ್ಲ. ಇಡೀ ದೇಶದಲ್ಲಿ ಎಂಟು ಭಾಷೆಗೆ ಪಠ್ಯ ಮಾಡಿಕೊಡುವ ರಾಜ್ಯಗಳು ಬೆರಳೆಣಿಕೆಯವು. ಆ ಔದಾರ್ಯಕ್ಕೆ ಮುಂಬೈ ಕನ್ನಡಿಗರು ಋಣಿಗಳಾಗಿರಬೇಕು. ನಮ್ಮ ಪ್ರಶ್ನೆ ಬೇರೆ. ಆ ಪುಸ್ತಕವನ್ನು ಕಲಿಸುವವರನ್ನು ಯಾರು ತಯಾರು ಮಾಡುತ್ತಾರೆ?

ಮನೆಯಲ್ಲಿ ಹತ್ತನೇ ಇಯತ್ತೆಯ ಮಗುವಿದ್ದರೆ ಅದರ ‘ಇತಿಹಾಸ ಮತ್ತು ರಾಜ್ಯಶಾಸ್ತ್ರ’ ಪುಸ್ತಕ ತೆಗೆದು ನೋಡಿ. 2018ರಲ್ಲಿ ಬಂದ ಪುಸ್ತಕ. ನಾವು ಓದಿದ ಇತಿಹಾಸ ಅಲ್ಲಿಲ್ಲ. ರಾಜ, ಯುದ್ಧ, ಒಪ್ಪಂದ, ಇಸವಿ, ಮುಗಿಯಿತು ಎನ್ನುವ ಹಾಗಿಲ್ಲ. ಮೊದಲ ಪಾಠವೇ ಇತಿಹಾಸವನ್ನು ಬರೆಯುವುದು ಹೇಗೆ ಎಂಬುದರ ಬಗ್ಗೆ. ದೆಕಾರ್ತ್, ವಾಲ್ಟೇರ್, ಹೆಗೆಲ್, ರಾಂಕೆ, ಕಾರ್ಲ್ ಮಾರ್ಕ್ಸ್, ಕೊನೆಗೆ ಫೂಕೋ. ಹದಿನೈದು ವರ್ಷದ ಹುಡುಗಿಗೆ ಫೂಕೋ! ಮುಂದಕ್ಕೆ ಭಾರತದ ಇತಿಹಾಸ ಲೇಖನ ಪರಂಪರೆ, ಆಮೇಲೆ ಉಪಯೋಜಿತ ಇತಿಹಾಸ, ಕಲೆಯ ಇತಿಹಾಸ, ಪತ್ರಿಕೆ ರೇಡಿಯೋ ಟಿವಿಗಳ ಇತಿಹಾಸ, ಮನರಂಜನೆ, ಆಟೋಟ, ಪ್ರವಾಸ, ವಸ್ತುಸಂಗ್ರಹಾಲಯ.

ನಮ್ಮಲ್ಲಿ ಕೆಲವರಿಗೆ ಈ ಪುಸ್ತಕ ತುಂಬ ಇಷ್ಟ, ಕೆಲವರಿಗೆ ಇದು ಮಕ್ಕಳ ತಲೆಗೆ ಭಾರ. ಆ ಜಗಳ ಇನ್ನೊಂದು ದಿನಕ್ಕಿರಲಿ. ಆದರೆ ಮೂವತ್ತು ವರ್ಷದ ಹಿಂದೆ ಬಿ.ಎ., ಬಿ.ಎಡ್. ಮಾಡಿ ಬಂದ ಮಾಸ್ತರರು ಹೆಗೆಲನ ದ್ವಂದ್ವವಾದವನ್ನು ಕನ್ನಡದಲ್ಲಿ, ಅದೂ ತಂದೆ ಮೆಟ್ರೋ ಕೆಲಸಕ್ಕೆ ಹೋಗುವ, ತಾಯಿ ನಾಲ್ಕು ಮನೆ ಕೆಲಸ ಮಾಡುವ ಮಕ್ಕಳಿಗೆ ತಿಳಿಯುವ ಹಾಗೆ ಹೇಳಬೇಕು. ಇದಕ್ಕೆ ಅವರಿಗೆ ಯಾರಾದರೂ ಹತ್ತು ದಿನ ಕೂರಿಸಿ ಪಾಠ ಹೇಳಬೇಡವೇ? ಒಂದು ಗ್ರಂಥಾಲಯ ತೋರಿಸಬೇಡವೇ? ಬೇರೆ ಶಾಲೆಯವರು ಇದನ್ನು ಹೇಗೆ ಕಲಿಸುತ್ತಿದ್ದಾರೆ ಎಂದು ಹರಟೆ ಹೊಡೆಯುವುದಕ್ಕಾದರೂ ಒಂದು ಜಾಗ ಬೇಡವೇ?

ವಿಜ್ಞಾನಕ್ಕೆ ಮಾನ್‌ಖುರ್ದ್ ಇದೆ, ಇತಿಹಾಸಕ್ಕೆ?

ಇದೇ ಮುಂಬೈಯಲ್ಲಿ ವಿಜ್ಞಾನ, ಗಣಿತ ಕಲಿಸುವವರಿಗೆ ಮಾನ್‌ಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ 1974ರಲ್ಲಿ ಶುರುವಾದದ್ದು. ಕೇಂದ್ರ ಸರ್ಕಾರದ ಹಣ, ಪ್ರಯೋಗಾಲಯ, ಶಿಕ್ಷಕರ ಶಿಬಿರಗಳು. ಇರಲಿ, ಇನ್ನೂ ಬೆಳೆಯಲಿ. ವರ್ಲಿಯಲ್ಲಿ ನೆಹರು ವಿಜ್ಞಾನ ಕೇಂದ್ರವೂ ಇದೆ. ಇತಿಹಾಸ, ಭಾಷೆ, ನಾಗರಿಕ ಶಾಸ್ತ್ರ ಕಲಿಸುವ ಶಾಲಾ ಶಿಕ್ಷಕರಿಗೆ ಅಷ್ಟೇ ಗಟ್ಟಿಯಾದ ಒಂದು ಮನೆ ಈ ಊರಿನಲ್ಲಿ ಎಲ್ಲಿದೆ ತೋರಿಸಿ.

ಕಾಲೇಜಿನವರ ಕಥೆ ಸ್ವಲ್ಪ ವಾಸಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ವಿಶ್ವವಿದ್ಯಾಲಯಗಳಲ್ಲಿ ಯುಜಿಸಿ ಹಣದಿಂದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಎದ್ದವು. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಿಂದ ಮಾಳವೀಯ ಮಿಷನ್ ಕೇಂದ್ರಗಳು. ಬೋರ್ಡು ಎರಡು ಸಲ ಬದಲಾದರೂ ಒಳಗಿನ ವ್ಯವಸ್ಥೆ ಉಳಿಯಿತು: ಕಾಲೇಜಿನ ಇತಿಹಾಸದ ಅಧ್ಯಾಪಕರು ಬಡ್ತಿ ಬೇಕೆಂದರೆ ರಿಫ್ರೆಶರ್ ಕೋರ್ಸ್ ಮಾಡಲೇಬೇಕು, ಅದಕ್ಕೆ ಕರ್ತವ್ಯ ರಜೆ ಸಿಗುತ್ತದೆ. ಅವರ ಕೈಯಲ್ಲಿ ಕಲಿತ ಹುಡುಗ ಶಾಲೆಗೆ ಮಾಸ್ತರನಾಗಿ ಬಂದನೋ, ಬಾಗಿಲು ಮುಚ್ಚಿತು.

ಶಾಲಾ ಶಿಕ್ಷಕರಿಗೆ ತರಬೇತಿಯೇ ಇಲ್ಲ ಎಂದು ನಾವು ಹೇಳುತ್ತಿಲ್ಲ, ಅದು ಸುಳ್ಳಾಗುತ್ತದೆ. ತರಬೇತಿಗಳ ಸುರಿಮಳೆಯೇ ಇದೆ. ಮೊಬೈಲಿನಲ್ಲಿ ಹಾಜರಿ ಹಾಕುವ ತರಬೇತಿ, ಪೋರ್ಟಲಿನಲ್ಲಿ ಮಾಹಿತಿ ತುಂಬುವ ತರಬೇತಿ, ಮತದಾರರ ಪಟ್ಟಿಯ ತರಬೇತಿ. ಚುನಾವಣೆಯ ತರಬೇತಿಗೆ ಆದೇಶ ಹುಡುಕಿಕೊಂಡು ಬರುತ್ತದೆ, ತಪ್ಪಿಸಿಕೊಂಡರೆ ನೋಟಿಸು. ಇತಿಹಾಸದ ತರಬೇತಿಗೆ ನೋಟಿಸು ಪಡೆದವರನ್ನು ನಾವು ಇನ್ನೂ ನೋಡಿಲ್ಲ.

ಇನ್ನು ಹಣದ ಮಾತು. ಮಹಾರಾಷ್ಟ್ರದಲ್ಲಿ 12 ವರ್ಷ ಸೇವೆ ಮುಗಿಸಿದ ಶಿಕ್ಷಕರಿಗೆ ವರಿಷ್ಠ ವೇತನ ಶ್ರೇಣಿ, 24 ವರ್ಷ ಮುಗಿಸಿದವರಿಗೆ ನಿವಡ ಶ್ರೇಣಿ. ಎರಡಕ್ಕೂ ತರಬೇತಿ ಕಡ್ಡಾಯ. 2022ರಲ್ಲಿ ಆ ತರಬೇತಿ ಆನ್‌ಲೈನಿನಲ್ಲಿ ನಡೆದಾಗ ಹೆಸರು ನೋಂದಾಯಿಸಲು ಶಿಕ್ಷಕರೇ 2000 ರೂಪಾಯಿ ಕಟ್ಟಬೇಕಾಯಿತು. ನೆನಪಿಡಿ, ಇದು ಹವ್ಯಾಸಕ್ಕೆ ಸೇರುವ ಗಿಟಾರ್ ಕ್ಲಾಸಲ್ಲ. ಸರ್ಕಾರವೇ ಕಡ್ಡಾಯ ಮಾಡಿದ್ದು. ಆಫೀಸಿನ ಗುಮಾಸ್ತರಿಗೆ ಕಂಪ್ಯೂಟರ್ ಕಲಿಸಿದರೆ ಅವರಿಂದ ಫೀ ತೆಗೆದುಕೊಳ್ಳುತ್ತಾರೆಯೇ?

ಹಣ ಇದೆ, ಹಾದಿಯೂ ಇದೆ

ಈಗ ಕರಪತ್ರದ ಮುಖ್ಯ ಭಾಗಕ್ಕೆ ಬನ್ನಿ. ಸ್ವಲ್ಪ ನಿಧಾನವಾಗಿ ಓದಿ, ಇಲ್ಲಿರುವ ಒಂದೊಂದು ಹೆಸರೂ ನಾಳೆ ಅರ್ಜಿಯಲ್ಲಿ ಬೇಕಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ. ಇದು ಎಲ್ಲರಿಗೂ ಗೊತ್ತು, ಮುಖ್ಯಾಧ್ಯಾಪಕರು ಮೀಟಿಂಗಿನಲ್ಲಿ ಹೇಳುತ್ತಿರುತ್ತಾರೆ. ಅದೇ ವಾಕ್ಯದ ಉಳಿದರ್ಧವನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ: ಆ ಕಲಿಕೆ ಶಿಕ್ಷಕರ ಸ್ವಂತ ಆಸಕ್ತಿಯಂತೆ ನಡೆಯಬೇಕು. ಅಂದರೆ ಕನ್ನಡದ ಟೀಚರು ನನಗೆ ಹಳಗನ್ನಡ ಓದುವ ಶಿಬಿರ ಬೇಕು ಎಂದರೆ, ಇತಿಹಾಸದ ಸರ್ ನನಗೆ ಶಾಸನ ಓದಲು ಕಲಿಸಿ ಎಂದರೆ, ಅದು ಅವರ ಹಠವಲ್ಲ, ನೀತಿಯಲ್ಲೇ ಇರುವ ಮಾತು.

2018ರಲ್ಲಿ ಶುರುವಾದ ಸಮಗ್ರ ಶಿಕ್ಷಾ ಯೋಜನೆಯೊಳಗೆ ಶಿಕ್ಷಕರ ತರಬೇತಿಯ ಹಣವೂ ಸೇರಿದೆ. ಮಹಾರಾಷ್ಟ್ರದಂಥ ರಾಜ್ಯದಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಆ ಹಣದಲ್ಲಿ ಎಷ್ಟು ಕನ್ನಡ ಮಾಧ್ಯಮದ ಭಾಷಾ ಶಿಕ್ಷಕರಿಗೆ, ಸಮಾಜ ವಿಷಯದ ಶಿಕ್ಷಕರಿಗೆ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ. ಹೇಗೆ ಎಂಬುದು ಮುಂದೆ ಬರುತ್ತದೆ.

ಮೂರನೆಯದು ನಮ್ಮ ಶಿಕ್ಷಕರಲ್ಲಿ ಬಹಳ ಜನ ಹೆಸರನ್ನೂ ಕೇಳದ ಸಂಸ್ಥೆ. ಸಿಸಿಆರ್‌ಟಿ, ಅಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ. 1979ರಲ್ಲಿ ಸ್ಥಾಪನೆಯಾಯಿತು, ಕೇಂದ್ರದ ಸಂಸ್ಕೃತಿ ಸಚಿವಾಲಯದ ಕೆಳಗಿದೆ. ದೆಹಲಿಯ ದ್ವಾರಕಾದಲ್ಲಿ ಮುಖ್ಯ ಕಚೇರಿ, ಉದಯಪುರ, ಹೈದರಾಬಾದ್, ಗುವಾಹಾಟಿಯಲ್ಲಿ ಪ್ರಾದೇಶಿಕ ಕೇಂದ್ರ. ದೇಶದ ನಾನಾ ಕಡೆಯ ಶಾಲಾ ಶಿಕ್ಷಕರನ್ನು ಒಟ್ಟಿಗೆ ಕೂರಿಸಿ ಸಂಗೀತ, ಶಿಲ್ಪ, ಸ್ಮಾರಕ, ಕರಕುಶಲ, ತೊಗಲುಗೊಂಬೆ ಇವುಗಳನ್ನು ಪಾಠದೊಳಗೆ ತರುವುದು ಹೇಗೆ ಎಂದು ಕಲಿಸುತ್ತಾರೆ. ಗೊಂಬೆಯಾಟದಿಂದ ಗಣಿತ ಹೇಳಿಕೊಡುವವರೂ ಅಲ್ಲಿ ತಯಾರಾಗಿದ್ದಾರೆ. ಪ್ರಯಾಣ, ಊಟ, ವಸತಿಯ ಖರ್ಚು ಸಂಸ್ಥೆಯದೇ. ಮುಗಿಸಿ ಬಂದ ಶಿಕ್ಷಕರ ಶಾಲೆಗೆ ಚಿತ್ರ, ಧ್ವನಿಮುದ್ರಿಕೆಗಳ ಸಾಮಗ್ರಿಯನ್ನೂ ಕೊಡುತ್ತಾರೆ. ಹೋಗಲು ಬೇಕಾದದ್ದು ಒಂದೇ, ರಾಜ್ಯದ ಶಿಕ್ಷಣ ಇಲಾಖೆಯಿಂದ ನಾಮನಿರ್ದೇಶನ. ಅದು ಬರಬೇಕಾದರೆ ಶಾಲೆಯಿಂದ ಹೆಸರು ಹೋಗಬೇಕು. ಶಾಲೆಯಿಂದ ಹೆಸರು ಹೋಗಬೇಕಾದರೆ ಸುತ್ತೋಲೆ ಮುಖ್ಯಾಧ್ಯಾಪಕರ ಡ್ರಾಯರಿನಿಂದ ಹೊರಗೆ ಬರಬೇಕು.

ನಾಲ್ಕನೆಯದು ನಮ್ಮದೇ ಮೈಸೂರಿನದು. 1969ರಲ್ಲಿ ಹುಟ್ಟಿದ ಭಾರತೀಯ ಭಾಷಾ ಸಂಸ್ಥಾನ ತ್ರಿಭಾಷಾ ಸೂತ್ರಕ್ಕೆಂದು ಪ್ರಾದೇಶಿಕ ಭಾಷಾ ಕೇಂದ್ರಗಳನ್ನು ಇಟ್ಟಿದೆ. ಸೇವೆಯಲ್ಲಿರುವ ಶಿಕ್ಷಕರು ಹತ್ತು ತಿಂಗಳು ಅಲ್ಲಿದ್ದು ಇನ್ನೊಂದು ಭಾರತೀಯ ಭಾಷೆಯನ್ನು ಓದಿ, ಬರೆದು, ಕಲಿಸುವಷ್ಟು ಕಲಿಯಬಹುದು. ರಾಜ್ಯ ಕಳುಹಿಸಿಕೊಟ್ಟರೆ ಸಂಬಳ ನಿಲ್ಲುವುದಿಲ್ಲ, ಮೇಲೆ ಒಂದಿಷ್ಟು ವಿದ್ಯಾರ್ಥಿವೇತನ. ಮರಾಠಿಗೆ ಪುಣೆಯ ಡೆಕ್ಕನ್ ಕಾಲೇಜಿನ ಆವರಣದಲ್ಲಿರುವ ಪಶ್ಚಿಮ ಕೇಂದ್ರ, ಕನ್ನಡಕ್ಕೆ ಮೈಸೂರು. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಸರಿಯಾದ ಮಾತು, ಈ ನೆಲದ ಭಾಷೆ ನಮ್ಮ ಮಕ್ಕಳಿಗೆ ಚೆನ್ನಾಗಿ ಬರಬೇಕು. ಹಾಗಾದರೆ ಕನ್ನಡ ಶಾಲೆಯಲ್ಲಿ ಮರಾಠಿ ಕಲಿಸಬೇಕಾದ ಟೀಚರನ್ನು ಪುಣೆಗೆ ಕಳುಹಿಸಿ ಎಂದು ಕೇಳುವುದರಲ್ಲಿ ಸಂಕೋಚವೇಕೆ? ನಮ್ಮ ಕೇಳಿಕೆಗಳಲ್ಲಿ ಮರಾಠಿ ಮಾತನಾಡುವ ನೆರೆಹೊರೆಯವರೂ ಮೊದಲು ಸಹಿ ಹಾಕುವ ಕೇಳಿಕೆ ಇದೇ ಇರಬಹುದು.

ಅಡ್ಡಿ ಎಲ್ಲಿ?

ಒಂದು ಅಡ್ಡಿ ಭೂಪಟದಲ್ಲೇ ಇದೆ. ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳಲ್ಲಿ ಮೈಸೂರಿನದು ದಕ್ಷಿಣದ ರಾಜ್ಯಗಳಿಗೆ, ಭೋಪಾಲದ್ದು ಮಹಾರಾಷ್ಟ್ರ, ಗುಜರಾತ್, ಗೋವಾ, ಮಧ್ಯಪ್ರದೇಶ, ಛತ್ತೀಸಗಢಗಳಿಗೆ. ಆದ್ದರಿಂದ ಗೋರೆಗಾಂವಿನ ಕನ್ನಡ ಶಿಕ್ಷಕಿ ಭೋಪಾಲದ ಪಾಲಿಗೆ. ರಾಜ್ಯಮಟ್ಟದ ತರಬೇತಿ ಪುಣೆಯ ರಾಜ್ಯ ಶೈಕ್ಷಣಿಕ ಸಂಶೋಧನಾ ಪರಿಷತ್ತಿನಿಂದ, ಅದರ ವ್ಯವಹಾರ ಮರಾಠಿಯಲ್ಲಿ. ದೀಕ್ಷಾ ಆ್ಯಪಿನಲ್ಲಿ ಕನ್ನಡದ ಸಾಮಗ್ರಿ ಬೇಕಾದಷ್ಟಿದೆ, ಆದರೆ ಪಾಠಕ್ಕೆ ಸಂಬಂಧಿಸಿದ್ದರಲ್ಲಿ ಬಹುಪಾಲು ಕರ್ನಾಟಕದ ಪಠ್ಯಕ್ಕೆ ಹೊಂದಿಸಿದ್ದು. ಕರ್ನಾಟಕದವರಿಗೆ ಇವರು ಮಹಾರಾಷ್ಟ್ರದ ಶಿಕ್ಷಕರು, ಮಹಾರಾಷ್ಟ್ರದವರಿಗೆ ಇವರು ಕನ್ನಡದ ಶಿಕ್ಷಕರು. ಇಬ್ಬರ ಪಟ್ಟಿಯಲ್ಲೂ ಕೊನೆಯ ಸಾಲು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳ ಗೋಳೂ ಇದೇ. ಅವರೂ ಇದೇ ಬಾಲಭಾರತಿ ಪುಸ್ತಕ ಕಲಿಸುವವರು. ಮುಂಬೈಯವರು ಒಬ್ಬರೇ ಕೇಳಿದರೆ ಸಂಖ್ಯೆ ಸಾಲದು ಎನ್ನುತ್ತಾರೆ, ಅವರನ್ನೂ ಕೂಡಿಸಿಕೊಂಡರೆ ಹಾಗೆ ಹೇಳುವುದು ಕಷ್ಟ.

ಇದು ಆಗದ ಕೆಲಸವೆಂದು ಯಾರಾದರೂ ಹೇಳಿದರೆ ಕಾಸರಗೋಡು ತೋರಿಸಿ. ಅಲ್ಲಿಯೂ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರೇ, ಪಠ್ಯ ಕೇರಳದ್ದೇ. ಆದರೆ ಮಾಯಿಪ್ಪಾಡಿಯಲ್ಲಿ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಇದೆ, ಕನ್ನಡ ಮಾಧ್ಯಮದ ಶಿಕ್ಷಕರಿಗೆ ಕೇರಳದ ಪಠ್ಯದ ಮೇಲೆ ಕನ್ನಡದಲ್ಲೇ ತರಬೇತಿ ನಡೆಯುತ್ತದೆ.

ಇನ್ನೂ ಹಿಂದಕ್ಕೆ ಹೋಗಿ ಬೇಕಾದರೆ. ಧಾರವಾಡದ ಟ್ರೇನಿಂಗ್ ಕಾಲೇಜು ನಿಂತದ್ದು ಯಾರ ಹಣದಲ್ಲಿ? ಮುಂಬೈ ಸರ್ಕಾರದ ಹಣದಲ್ಲಿ. 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದುಕೊಂಡೇ ಮರಾಠಿ ಆವರಿಸಿದ್ದ ಕನ್ನಡ ಜಿಲ್ಲೆಗಳಲ್ಲಿ ಕನ್ನಡ ಮಾಸ್ತರರನ್ನು ತಯಾರು ಮಾಡಿದರು. ಮುಂಬೈಯ ಕೋಟೆ ಪ್ರದೇಶದ ಖಜಾನೆಯಿಂದ ಕನ್ನಡ ಶಿಕ್ಷಕರ ತರಬೇತಿಗೆ ದುಡ್ಡು ಹೋಗುವುದು ಹೊಸ ಸಂಗತಿಯೇನಲ್ಲ.

ಇನ್ನೊಂದು ಅಡ್ಡಿ ಬಹಳ ಸಣ್ಣದು, ಆದರೆ ಹೆಚ್ಚಿನ ಹೆಸರುಗಳು ನಿಲ್ಲುವುದು ಅಲ್ಲಿಯೇ. ಶಾಲೆಯಲ್ಲಿ ಇತಿಹಾಸಕ್ಕೆ ಇರುವುದು ಒಬ್ಬರು. ಅವರು ಹದಿನೈದು ದಿನ ಹೈದರಾಬಾದಿಗೆ ಹೋದರೆ ಎಂಟು, ಒಂಬತ್ತು, ಹತ್ತನೇ ಇಯತ್ತೆಯ ಪಾಠ ಯಾರು ಮಾಡುತ್ತಾರೆ? ಮುಖ್ಯಾಧ್ಯಾಪಕರು ಬೇಡ ಎನ್ನುವುದು ಕೆಟ್ಟತನದಿಂದಲ್ಲ, ಬದಲಿಗೆ ಜನ ಇಲ್ಲದ್ದರಿಂದ. ಬದಲಿ ಶಿಕ್ಷಕರ ಸಂಬಳವನ್ನು ಲೆಕ್ಕಕ್ಕೆ ಹಿಡಿಯದ ಯಾವ ತರಬೇತಿ ಯೋಜನೆಯೂ ನಮ್ಮ ಮಟ್ಟಿಗೆ ಅರ್ಧ ಯೋಜನೆಯೇ.

ನಾವು ಕೇಳುವ ತರಬೇತಿ ಹೇಗಿರಬೇಕು?

ಅಮೆರಿಕದಲ್ಲಿ 1965ರಲ್ಲಿ ಮಾನವಿಕ ವಿಷಯಗಳಿಗಾಗಿಯೇ ಒಂದು ರಾಷ್ಟ್ರೀಯ ನಿಧಿ ಸ್ಥಾಪನೆಯಾಯಿತು. ಬೇಸಿಗೆ ರಜೆಯಲ್ಲಿ ಶಾಲಾ ಶಿಕ್ಷಕರನ್ನು ಐತಿಹಾಸಿಕ ಸ್ಥಳಗಳಿಗೇ ಕರೆಸಿ, ವಿದ್ವಾಂಸರ ಜೊತೆ ಓದಿಸಿ, ಅವರ ಕೈಗೆ ಭತ್ಯೆಯನ್ನೂ ಕೊಡುತ್ತಿದ್ದರು. ಈಚಿನ ವರ್ಷಗಳಲ್ಲಿ ಒಂದು ವಾರದ ವಸತಿ ಶಿಬಿರಕ್ಕೆ 1300 ಡಾಲರ್. ರಜೆ ಬಿಟ್ಟು ಕಲಿಯಲು ಬಂದವರಿಗೆ ಹಣ ಕೊಡಬೇಕು ಎಂಬ ಸರಳ ಲೆಕ್ಕ. 2025ರ ಏಪ್ರಿಲಿನಲ್ಲಿ ಆ ನಿಧಿಯ ಅನುದಾನಗಳನ್ನು ಅಲ್ಲಿನ ಸರ್ಕಾರ ರಾಶಿರಾಶಿಯಾಗಿ ರದ್ದು ಮಾಡಿತು. ಅಂಥ ಶ್ರೀಮಂತ ದೇಶದಲ್ಲಿಯೂ ಕತ್ತರಿ ಮೊದಲು ಬೀಳುವುದು ಇತಿಹಾಸ, ಸಾಹಿತ್ಯದ ಮೇಲೆ.

ನಮಗೆ ಡಾಲರ್ ಬೇಡ. ಗೋರೆಗಾಂವಿನಿಂದ ಮೂರನೇ ಸ್ಟೇಷನ್ ಬೊರಿವಲಿ. ಇಳಿದು ರಾಷ್ಟ್ರೀಯ ಉದ್ಯಾನದೊಳಗೆ ಹೋದರೆ ಕಾನ್ಹೇರಿ ಗುಹೆಗಳು. ಅಲ್ಲಿ ಒಂಬತ್ತನೇ ಶತಮಾನದ ಶಾಸನಗಳಿವೆ. ಅವುಗಳಲ್ಲಿ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ತಮ್ಮ ಸಾರ್ವಭೌಮನೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಯಾರ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತೋ ಆ ನೃಪತುಂಗನನ್ನೇ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮುಂಬೈಯ ಕನ್ನಡ ಶಾಲೆಗಳ ಬೆಂಚಿನ ಮೇಲೆ ಈಗ ಕೂತಿರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕೂಲಿಗೆ ಬಂದವರ ಮಕ್ಕಳು ಎಷ್ಟು ಜನ! ನೀನು ಈ ಊರಿಗೆ ಹೊಸಬನಲ್ಲ, ನಿನ್ನೂರಿನ ದೊರೆಯ ಹೆಸರು ಬೊರಿವಲಿಯ ಬಂಡೆಯ ಮೇಲೆ ಸಾವಿರದ ನೂರು ವರ್ಷದಿಂದ ಇದೆ ಎಂದು ಆ ಹುಡುಗನಿಗೆ ಹೇಳಬೇಕಾದವರು ಅವನ ಇತಿಹಾಸದ ಸರ್. ಅವರಿಗೆ ಮೊದಲು ಯಾರಾದರೂ ಆ ಬಂಡೆಯನ್ನು ತೋರಿಸಬೇಕಲ್ಲ.

ಗೋರೆಗಾಂವಿನಿಂದ ಚರ್ಚ್‌ಗೇಟ್ ಕಡೆಗೆ ಎರಡು ಸ್ಟೇಷನ್ ಹೋದರೆ ಜೋಗೇಶ್ವರಿ, ಆರನೇ ಶತಮಾನದ ಶೈವ ಗುಹೆ. ಸುತ್ತ ಚಾಳುಗಳು ಒತ್ತಿಕೊಂಡಿವೆ, ಪರಂಪರೆಯನ್ನು ಉಳಿಸುವುದು ಎಂದರೇನು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಮನರಂಜನೆಯ ಇತಿಹಾಸಕ್ಕೆ ನಮ್ಮದೇ ದಾದಾಸಾಹೇಬ ಫಾಲ್ಕೆ ಚಿತ್ರನಗರಿ. ನಾಗರಿಕ ಶಾಸ್ತ್ರಕ್ಕೆ, ನಲ್ಲಿಯಲ್ಲಿ ನೀರು ಬರಲಿ ಎಂದು ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದ ಮೃಣಾಲ್ ಗೋರೆಯವರ ಊರು ಇದು. ಜನ ಅವರನ್ನು ಪಾಣಿವಾಲಿ ಬಾಯಿ ಎಂದೇ ಕರೆದರು. ಪತ್ರಿಕೆಗಳ ಇತಿಹಾಸಕ್ಕೆ ಮುಂಬೈ ಕನ್ನಡಿಗರ ಸಂಘಗಳು ದಶಕಗಳಿಂದ ನಡೆಸಿಕೊಂಡು ಬಂದ ಮಾಸಪತ್ರಿಕೆಗಳ ಕಟ್ಟುಗಳು. ಇವೆಲ್ಲವನ್ನೂ ಪಾಠವಾಗಿಸುವುದು ಹೇಗೆ ಎಂದು ಹೇಳಿಕೊಡಬಲ್ಲ ಕನ್ನಡ ವಿಭಾಗ ಕಲಿನಾದ ಮುಂಬೈ ವಿಶ್ವವಿದ್ಯಾಲಯದಲ್ಲಿದೆ.

ಸಮಯ? ದಯವಿಟ್ಟು ಮೇ ತಿಂಗಳು ಬೇಡ. ಮೇ ತಿಂಗಳಲ್ಲಿ ಮುಂಬೈ ಕನ್ನಡಿಗ ಮುಂಬೈಯಲ್ಲಿರುವುದಿಲ್ಲ, ಊರಿನಲ್ಲಿ ಮದುವೆ, ಕೋಲ, ಜಾತ್ರೆ, ಹಲಸಿನಹಣ್ಣು. ದೀಪಾವಳಿ ರಜೆಯಲ್ಲಿ ಐದಾರು ದಿನ ಇಡಿ. ಮಳೆ ನಿಂತಿರುತ್ತದೆ, ಕಾನ್ಹೇರಿ ಹತ್ತುವುದಕ್ಕೂ ಆಗುತ್ತದೆ. ಹೋದ ರಜೆಗೆ ಬದಲಿ ರಜೆ ಕೊಡಿ, ಭತ್ಯೆ ಕೊಡಿ.

ಕನ್ನಡ ಶಾಲೆಗಳೇ ಮುಚ್ಚುತ್ತಿರುವಾಗ ಇದೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ಮುಚ್ಚುವವರೆಗೆ ಅಲ್ಲಿ ಕೂತ ಮಕ್ಕಳಿಗೆ ಒಳ್ಳೆಯ ಪಾಠ ಬೇಡವೆ? ನಿಮ್ಮ ಮಗು ಇಂಗ್ಲಿಷ್ ಮಾಧ್ಯಮದಲ್ಲಿದ್ದರೆ ಅಲ್ಲಿನ ಇತಿಹಾಸದ ಮಿಸ್ಸೂ ಇದೇ ಫೂಕೋ ಪಾಠ ಮಾಡುತ್ತಿದ್ದಾರೆ, ಅವರಿಗೂ ಯಾರೂ ಹೇಳಿಕೊಟ್ಟಿಲ್ಲ. ಈ ಕೇಳಿಕೆ ಅವರದೂ ಹೌದು.

ನೀವು ಮಾಡಬೇಕಾದ್ದು

ಪಾಲಕರೇ, ಮುಂದಿನ ಪಾಲಕರ ಸಭೆಯಲ್ಲಿ ಮಾರ್ಕಿನ ಮಾತು ಮುಗಿದ ಮೇಲೆ ಎದ್ದು ಒಂದು ಪ್ರಶ್ನೆ ಕೇಳಿ: ನಮ್ಮ ಶಾಲೆಯಿಂದ ಇತಿಹಾಸ, ಭಾಷೆಯ ಶಿಕ್ಷಕರು ಕೊನೆಯ ಸಲ ವಿಷಯದ ತರಬೇತಿಗೆ ಹೋದದ್ದು ಯಾವಾಗ? ಜಗಳದ ದನಿ ಬೇಡ. ಉತ್ತರ ಸಿಗದಿದ್ದರೆ ಸಿಸಿಆರ್‌ಟಿಗೆ ಈ ವರ್ಷ ಒಂದು ಹೆಸರು ಕಳುಹಿಸಿ ಎಂದು ಬರೆದು ಕೊಡಿ.

ನಿವೃತ್ತ ಮಾಸ್ತರರೇ, ಬಾಯಿಯವರೇ, ನಿಮ್ಮ ಬಗ್ಗೆ ನಮಗೆ ದೊಡ್ಡ ಆಸೆ ಇದೆ. ಬೆಳಿಗ್ಗೆ ಆರೆಯಲ್ಲಿ ವಾಕಿಂಗ್ ಹೋಗುವ ನಿಮ್ಮಲ್ಲಿ ಹತ್ತು ಜನ ವರ್ಷಕ್ಕೆ ಹದಿನೈದು ದಿನ ತರಗತಿಗೆ ಬಂದರೆ ಹತ್ತು ಶಿಕ್ಷಕರು ತರಬೇತಿಗೆ ಹೋಗಿ ಬರಬಹುದು. ಬದಲಿ ಶಿಕ್ಷಕರ ಸಂಬಳಕ್ಕೆ ಸರ್ಕಾರ ಒಪ್ಪುವ ತನಕ ಇದು ತಾತ್ಕಾಲಿಕ ಏರ್ಪಾಡು, ಒಪ್ಪಿದ ಮೇಲೆ ಆ ಸಂಬಳ ನಿಮ್ಮದೇ.

ಹೋಟೆಲಿನ ಅಣ್ಣಂದಿರೇ, ಹಗಲು ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ನಿಮ್ಮಲ್ಲೇ ಇದ್ದೀರಿ. ರಾತ್ರಿ ಶಾಲೆಯ ಮಾಸ್ತರರು ಏನು ಮಾಡಿದರು ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. ಐದು ದಿನದ ಶಿಬಿರದ ಊಟ ನಿಮ್ಮದಾಗಲಿ. ನೆಸ್ಕೋ, ನಿರ್ಲಾನ್ ಕಡೆಯ ಕಚೇರಿಗಳಲ್ಲಿರುವ ತಮ್ಮ ತಂಗಿಯರೇ, 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣವೂ ಆ ಪಟ್ಟಿಯಲ್ಲಿದೆ, ಪರಂಪರೆ ಮತ್ತು ಸಂಸ್ಕೃತಿಯೂ ಇದೆ. ಸ್ಮಾರ್ಟ್ ಬೋರ್ಡಿನ ಮುಂದೆ ನಿಲ್ಲುವವರಿಗೂ ಒಂದು ಪಾಲು ಇಡಿ ಎಂದು ನಿಮ್ಮ ಕಂಪನಿಯಲ್ಲಿ ಕೇಳಿ.

ಸಂಘಗಳ ಕಾರ್ಯಕರ್ತರೇ, ಗೋರೆಗಾಂವ್ ಕರ್ನಾಟಕ ಸಂಘದಿಂದ ಮಾಟುಂಗದ ಮೈಸೂರು ಅಸೋಸಿಯೇಷನ್‌ವರೆಗೆ ಈ ನಗರದಲ್ಲಿ ಕನ್ನಡದ ವೇದಿಕೆಗಳಿಗೆ ಕೊರತೆಯಿಲ್ಲ. ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ನಡೆಯಲಿ. ವರ್ಷದ ಒಂದು ಕಾರ್ಯಕ್ರಮದ ಖರ್ಚನ್ನು ಶಿಕ್ಷಕರ ಶಿಬಿರಕ್ಕೆ ತಿರುಗಿಸಿದರೆ ಯಾರ ಗೌರವಕ್ಕೂ ಕುಂದಾಗದು.

ಮಾಹಿತಿ ಹಕ್ಕಿನ ಅರ್ಜಿಯ ವಿಷಯ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಮಹಾರಾಷ್ಟ್ರದ ನಿಯಮದಂತೆ ಅರ್ಜಿ 150 ಶಬ್ದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆಯಬೇಕು. ಮರಾಠಿಯಲ್ಲಿ ನಿಮ್ಮ ಮಗಳೇ ಚೆಂದ ಬರೆದುಕೊಡುತ್ತಾಳೆ. ಕೇಳಬೇಕಾದ್ದು ಇಷ್ಟೇ: ಕಳೆದ ಐದು ವರ್ಷದಲ್ಲಿ ಕನ್ನಡ ಮಾಧ್ಯಮದ ಎಷ್ಟು ಭಾಷಾ ಹಾಗೂ ಸಮಾಜ ವಿಷಯದ ಶಿಕ್ಷಕರಿಗೆ ವಿಷಯ ತರಬೇತಿ ಕೊಟ್ಟಿರಿ, ಯಾವ ಭಾಷೆಯಲ್ಲಿ, ಖರ್ಚು ಎಷ್ಟು, ಶಿಕ್ಷಕರಿಂದ ವಸೂಲಿ ಮಾಡಿದ ಶುಲ್ಕ ಎಷ್ಟು. ಪುಣೆಯ ರಾಜ್ಯ ಪರಿಷತ್ತಿಗೆ ಒಂದು, ಮಹಾನಗರಪಾಲಿಕೆಯ ಶಿಕ್ಷಣ ವಿಭಾಗಕ್ಕೆ ಒಂದು.

ಸಹಿ ಪತ್ರ

ಕೆಳಗಿನದನ್ನು ಕತ್ತರಿಸಿ ಸಹಿ ಹಾಕಿ ಕೊಡಿ. ಇದರ ಮರಾಠಿ ರೂಪ ಈ ಕಾಗದ ಹಂಚಿದವರ ಕೈಯಲ್ಲಿದೆ, ಅದಕ್ಕೂ ಒಂದು ಸಹಿ ಇರಲಿ.

“ಮಹಾರಾಷ್ಟ್ರ ರಾಜ್ಯ ಶೈಕ್ಷಣಿಕ ಸಂಶೋಧನಾ ಮತ್ತು ತರಬೇತಿ ಪರಿಷತ್ತಿನ ಸಂಚಾಲಕರಿಗೆ. ಮಾನ್ಯರೇ, ಸಂವಿಧಾನದ 350ಎ ಕಲಮು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಬೇಕಾದ ಸೌಲಭ್ಯ ಒದಗಿಸಲು ಹೇಳುತ್ತದೆ. ತಯಾರಾದ ಶಿಕ್ಷಕರಿಲ್ಲದೆ ಆ ಸೌಲಭ್ಯ ಪೂರ್ತಿಯಾಗದು. ಕನ್ನಡ ಮಾಧ್ಯಮದ ಭಾಷೆ, ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರದ ಶಿಕ್ಷಕರಿಗೆ ಪ್ರತಿ ವರ್ಷ ಕನ್ನಡದಲ್ಲಿ ವಿಷಯ ತರಬೇತಿ ಏರ್ಪಡಿಸಬೇಕು. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮತ್ತು ಮೈಸೂರಿನ ಸಂಸ್ಥೆಗಳ ನೆರವು ಪಡೆಯಬೇಕು. ಪ್ರಯಾಣ, ವಸತಿ, ಭತ್ಯೆ ಹಾಗೂ ಬದಲಿ ಶಿಕ್ಷಕರ ಸಂಬಳವನ್ನು ಯೋಜನೆಯೊಳಗೇ ಸೇರಿಸಬೇಕು. ವರಿಷ್ಠ ಮತ್ತು ನಿವಡ ಶ್ರೇಣಿಯ ತರಬೇತಿಗೆ ಶಿಕ್ಷಕರಿಂದ ಶುಲ್ಕ ಪಡೆಯಬಾರದು. ಸಿಸಿಆರ್‌ಟಿ ಮತ್ತು ಭಾರತೀಯ ಭಾಷಾ ಸಂಸ್ಥಾನದ ತರಬೇತಿಗಳಿಗೆ ನಾಮನಿರ್ದೇಶನ ಮಾಡುವಾಗ ಭಾಷಾ ಅಲ್ಪಸಂಖ್ಯಾತ ಶಾಲೆಗಳ ಹೆಸರುಗಳೂ ಇರಬೇಕು.”

ಹೆಸರು: ............ ಇರುವ ಜಾಗ: ............ ಸಹಿ: ............

ಇದರ ಒಂದು ಪ್ರತಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಹೋಗುತ್ತದೆ. 350ಬಿ ಕಲಮಿನ ಪ್ರಕಾರ ಇಂಥ ದೂರು ಪರಿಶೀಲಿಸಿ ರಾಷ್ಟ್ರಪತಿಯವರಿಗೆ ವರದಿ ಮಾಡುವುದು ಅವರ ಕೆಲಸ. ಶಿಕ್ಷಕರು ತಾವೇ ಸಹಿ ಹಾಕಲು ಅಂಜಿದರೆ ಒತ್ತಾಯವಿಲ್ಲ, ಅವರ ಪರವಾಗಿ ಪಾಲಕರು ಹಾಕಿದರೆ ಸಾಕು.

ಸಭೆಯ ದಿನ, ಹೊತ್ತು, ಜಾಗವನ್ನು ಕಾಗದ ಕೊಟ್ಟವರು ಹಿಂಬದಿಯಲ್ಲಿ ಪೆನ್ನಿನಿಂದ ಬರೆದುಕೊಡುತ್ತಾರೆ. ಬರೆಯಲು ಮರೆತಿದ್ದರೆ ಈಗಲೇ ತಿರುಗಿ ಕೇಳಿ, ಅವರು ಇನ್ನೂ ಸೇತುವೆಯ ಮೆಟ್ಟಿಲ ಬಳಿಯೇ ಇದ್ದಾರೆ. ಬರುವಾಗ ಹತ್ತನೇ ಇಯತ್ತೆಯ ಇತಿಹಾಸ ಪುಸ್ತಕವಿದ್ದರೆ ತನ್ನಿ.

ಗೋರೆಗಾಂವ್ ಪರಿಸರದ ಕನ್ನಡ ಶಿಕ್ಷಕರು, ಪಾಲಕರು ಮತ್ತು ಹಳೆಯ ವಿದ್ಯಾರ್ಥಿಗಳು